ಆಕರದಿಂದ ಅಕ್ಷರಕ್ಕೆ

‘ಆಕರ’ವೆಂಬ ಶಬ್ದಕ್ಕೆ ಗಣಿ ಎಂಬುದೇ ಮೊದಲ ಅರ್ಥ. ಅಮರಸಿಂಹನು ತನ್ನ ಕೋಶದಲ್ಲಿ ಖನಿ, ಆಕರ ಎಂಬ ಎರಡನ್ನೂ ಒಂದೇ ಎಡೆಯಲ್ಲಿ ಪರ್ಯಾಯಪದಗಳಾಗಿ ಹೇಳಿದ್ದಾನೆ. ಕಾಲಾನಂತರದಲ್ಲಿ ಈ ಶಬ್ದವು ನೆಲದಾಳದಿಂದ ಮೇಲೆದ್ದು ವಿದ್ವಾಂಸರ ಚಾವಡಿಗೆ ಬಂದಿತು. ಲೋಹವು ಎಲ್ಲಿ ಹುಟ್ಟುವುದೋ ಅದು ಆಕರವಾದಂತೆ, ಮಾತು ಎಲ್ಲಿ ಹುಟ್ಟಿತೋ ಅದೂ ಆಕರವೆನಿಸಿತು. ಆಕರಗ್ರಂಥ, ಆಕರಸಾಮಗ್ರಿ ಎಂಬ ಪ್ರಯೋಗಗಳು ಬಳಕೆಗೆ ಬಂದವು. ಈಗ ಗಣಕಯಂತ್ರದ ಕಾಲದಲ್ಲಿ ಇದಕ್ಕೆ ಮೂರನೆಯ ಅರ್ಥವೊಂದು ಕೂಡಿಕೊಂಡಿದೆ. ತಂತ್ರಾಂಶವನ್ನು ರಚಿಸುವವನು ತನ್ನ ಕೈಯಿಂದ ಬರೆದ ಮೂಲಪಾಠಕ್ಕೆ ‘ಆಕರ ಸಂಕೇತ’ವೆಂಬ ಹೆಸರು ಸಲ್ಲುತ್ತಿದೆ. ಗಣಿ, ಗ್ರಂಥ, ಗಣಕ ಎಂಬ ಮೂರೂ ಅರ್ಥಗಳು ಒಂದೇ ಊರಿನಲ್ಲಿ ಕೂಡಿಬರುವುದು ಅಪರೂಪ. ಸಂಡೂರು ತಾಲ್ಲೂಕಿನ ದೋಣಿಮಲೈ ಅಂತಹ ಊರುಗಳಲ್ಲೊಂದು.

ದೋಣಿಮಲೈಯ ಮಣ್ಣು ಕೆಂಪು. ಅಲ್ಲಿನ ಅದಿರಿಗೆ ಹೆಮಟೈಟ್ ಎಂದು ಹೆಸರು. ರಕ್ತವೆಂಬ ಅರ್ಥದ ಗ್ರೀಕ್ ಶಬ್ದದಿಂದ ಹುಟ್ಟಿದ್ದು ಅದು. ೧೯೫೮ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಖನಿಜ ಅಭಿವೃದ್ಧಿ ನಿಗಮವು ೧೯೭೭ರಲ್ಲಿ ಇಲ್ಲಿಯ ಯಂತ್ರೀಕೃತ ಗಣಿಯನ್ನು ಕಾರ್ಯಾರಂಭಗೊಳಿಸಿತು. ಬೆಟ್ಟದಲ್ಲಿ ಸಿಡಿಸಿದ ಕಲ್ಲು ಡಂಪರುಗಳಲ್ಲಿ ಕ್ರಷರಿಗೆ ಬರುತ್ತದೆ. ಅಲ್ಲಿ ಒಡೆದು, ಕನ್ವೇಯರ್ ಬೆಲ್ಟಿನ ಮೇಲೆ ಸಾಗಿ, ಜರಡಿಗಳಲ್ಲಿ ಗಟ್ಟಿ ಬೇರೆ ಪುಡಿ ಬೇರೆಯಾಗಿ, ಕಡೆಗೆ ರೈಲುಬಂಡಿಯನ್ನೇರುತ್ತದೆ. ಬಹುಕಾಲದವರೆಗೆ ಈ ಅದಿರು ಮದರಾಸಿನ ಬಂದರನ್ನು ಸೇರಿ ಹಡಗನ್ನೇರಿ ಹೊರದೇಶಗಳಿಗೆ ಹೋಗುತ್ತಿತ್ತು. ಕೆಂಪು ಧೂಳು ನಮ್ಮ ಮನೆಯ ಮಾಳಿಗೆಯ ಮೇಲೆ ಉಳಿಯುತ್ತಿತ್ತು. ಉಕ್ಕು ಮತ್ತೊಬ್ಬರ ಕುಲುಮೆಯಲ್ಲಿ ಹುಟ್ಟಿ, ಯಂತ್ರವಾಗಿ, ಬೆಲೆಯೇರಿಸಿಕೊಂಡು ನಮ್ಮ ಅಂಗಡಿಗೆ ಬರುತ್ತಿತ್ತು. ಇಂದು ಹತ್ತಿರದ ತೋರಣಗಲ್ಲಿನಲ್ಲಿಯೇ ದೊಡ್ಡ ಉಕ್ಕಿನ ಕಾರ್ಖಾನೆಯಿದೆ. ಆ ಮಾತು ಬೇರೆ. ಆದರೆ ಅದಿರನ್ನು ಕೊಟ್ಟು ಸರಕನ್ನು ಕೊಳ್ಳುವ ಅಭ್ಯಾಸವು ಕಬ್ಬಿಣಕ್ಕೆ ಮಾತ್ರ ಸೀಮಿತವಾದುದಲ್ಲ. ಅಕ್ಷರದ ವಿಷಯದಲ್ಲಿಯೂ ಅದು ನಮ್ಮನ್ನು ಬಿಟ್ಟಿಲ್ಲ.

ಈ ಮಾತನ್ನು ವಿಶದಪಡಿಸಲು ಗಣಕಯಂತ್ರದ ಒಂದೆರಡು ಸಂಗತಿಗಳನ್ನು ತಿಳಿಯಬೇಕು. ಮನುಷ್ಯನು ಬರೆದ ಆಕರ ಸಂಕೇತವನ್ನು ಯಂತ್ರವು ನೇರವಾಗಿ ಅರಿಯಲಾರದು. ಅದನ್ನು ಯಂತ್ರಭಾಷೆಗೆ ಪರಿವರ್ತಿಸುವ ಇನ್ನೊಂದು ತಂತ್ರಾಂಶವುಂಟು. ಅದಕ್ಕೆ ಕಂಪೈಲರ್ ಎಂದು ಹೆಸರು. ಅದರ ಕೈಯಲ್ಲಿ ಪಕ್ವವಾಗಿ ಹೊರಬಂದುದು ಯಂತ್ರಕ್ಕೆ ಉಣಿಸು, ಮನುಷ್ಯನಿಗೆ ಅಗಮ್ಯ. ನಾವು ಸಾಮಾನ್ಯವಾಗಿ ಪಡೆಯುವುದು ಈ ಪಕ್ವವಾದ ರೂಪವನ್ನು ಮಾತ್ರ. ಆಕರದಿಂದ ಕಟ್ಟುವುದೆಂದರೆ ಮೂಲಪಾಠವನ್ನೇ ತಂದು ನಮ್ಮ ಯಂತ್ರದಲ್ಲಿ ನಾವೇ ಕರಗಿಸಿ ಎರಕ ಹೊಯ್ಯುವುದು.

ಇನ್ನು ‘ಲೈಬ್ರರಿ’ ಎಂಬ ಮಾತು. ಇದನ್ನು ಗ್ರಂಥಾಲಯವೆಂದು ಕನ್ನಡಿಸಿದರೆ ಅರ್ಥವು ಕೆಡುತ್ತದೆ, ಏಕೆಂದರೆ ಅಲ್ಲಿಗೆ ಹೋಗಿ ಕುಳಿತು ಓದುವವರು ಯಾರೂ ಇಲ್ಲ. ವ್ಯಾಕರಣಶಾಸ್ತ್ರವನ್ನು ಬಲ್ಲವರಿಗೆ ಧಾತುಪಾಠದ ನೆನಪು ಬಂದರೆ ವಿಷಯವು ಸುಲಭವಾದೀತು. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಧಾತುಪ್ರಕರಣವೆಂದು ಒಂದು ಪ್ರಕರಣವನ್ನೇ ಇಟ್ಟಿದ್ದಾನೆ. ಧಾತುವು ತಾನಾಗಿ ವಾಕ್ಯದಲ್ಲಿ ನಿಲ್ಲದು. ಪ್ರತ್ಯಯ ಹತ್ತಿದಾಗ ಮಾತ್ರ ಪದವಾಗಿ ಬಾಳುತ್ತದೆ. ಆದರೆ ಧಾತುವಿಲ್ಲದೆ ಕ್ರಿಯಾಪದವೇ ಇಲ್ಲ. ತಂತ್ರಾಂಶ ಭಂಡಾರವೂ ಅಂಥದೇ. ಅದು ತೆರೆಯ ಮೇಲೆ ತಾನಾಗಿ ಕಾಣಿಸಿಕೊಳ್ಳದು; ಪತ್ರ ಬರೆಯುವ, ಚಿತ್ರ ರಚಿಸುವ, ಲೆಕ್ಕ ಹಾಕುವ ಹತ್ತಾರು ತಂತ್ರಾಂಶಗಳು ಅದನ್ನು ಕರೆದು ಕೆಲಸ ಮಾಡಿಸಿಕೊಳ್ಳುತ್ತವೆ.

ಕನ್ನಡಕ್ಕೆ ಇಂತಹ ಭಂಡಾರವೊಂದು ಏಕೆ ಬೇಕು? ಯೂನಿಕೋಡ್ ಎಂಬ ಜಾಗತಿಕ ಅಕ್ಷರಪಟ್ಟಿಯ ಮೊದಲ ಆವೃತ್ತಿ ಹೊರಬಂದದ್ದು ೧೯೯೧ರಲ್ಲಿ. ಅದರಲ್ಲಿ ಕನ್ನಡದ ಸ್ವರ, ವ್ಯಂಜನ, ಸ್ವರಚಿಹ್ನೆ, ವಿರಾಮಚಿಹ್ನೆಯಾದ ಹಲಂತ ಇವುಗಳಿಗೆ ಒಂದೊಂದು ಸಂಖ್ಯೆಯುಂಟು. ಒತ್ತಕ್ಷರಕ್ಕೆ ಪ್ರತ್ಯೇಕ ಸಂಖ್ಯೆಯಿಲ್ಲ. ‘ಸ್ತ್ರೀ’ ಎಂಬ ಒಂದೇ ಅಕ್ಷರವನ್ನು ತೆಗೆದುಕೊಳ್ಳಿರಿ. ಯಂತ್ರದ ನೆನಪಿನಲ್ಲಿ ಅದು ಸಕಾರ, ಹಲಂತ, ತಕಾರ, ಹಲಂತ, ರೇಫ, ದೀರ್ಘ ಈಕಾರದ ಚಿಹ್ನೆ ಎಂಬ ಆರು ಸಂಖ್ಯೆಗಳ ಸಾಲು. ಉಚ್ಚಾರಣೆಯಲ್ಲಿ ಈಕಾರವು ಕೊನೆಯಲ್ಲಿ ಬಂದರೂ ಬರವಣಿಗೆಯಲ್ಲಿ ಅದು ಮೇಲಿನ ಸಕಾರದ ತಲೆಗೇ ಹತ್ತಬೇಕು; ತಕಾರ ರೇಫಗಳು ಒತ್ತುಗಳಾಗಿ ಕೆಳಗಿಳಿಯಬೇಕು. ‘ಧರ್ಮ’ದಲ್ಲಿ ಇನ್ನೊಂದು ಬಗೆ. ನುಡಿಯುವಾಗ ರೇಫವು ಮಕಾರಕ್ಕಿಂತ ಮುಂಚೆ. ಬರೆಯುವಾಗ ಅರ್ಕಾವತ್ತು ಮಕಾರದ ಬಲಕ್ಕೆ. ಮೊಳೆ ಜೋಡಿಸುವ ಕಾಲದಲ್ಲಿ ಈ ವಿವೇಕವು ಕಂಪಾಜಿಟರನ ಬೆರಳುಗಳಲ್ಲಿತ್ತು. ಈಗ ಅದು ತಂತ್ರಾಂಶ ಭಂಡಾರವೊಂದರ ಆಕರದಲ್ಲಿ ಸಾವಿರಾರು ಸಾಲುಗಳಾಗಿ ಕುಳಿತಿದೆ.

ಆ ಭಂಡಾರಗಳಲ್ಲಿ ಮುಖ್ಯವಾದುದರ ಹೆಸರು ಹಾರ್ಫ್‌ಬಜ್. ಪಾರಸಿಯಲ್ಲಿ ಹರ್ಫ್ ಎಂದರೆ ಅಕ್ಷರ, ಬಾಜ್ ಎಂದರೆ ತೆರೆದದ್ದು. ಆಂಡ್ರಾಯ್ಡ್ ಫೋನುಗಳಲ್ಲಿ, ಫೈರ್‌ಫಾಕ್ಸ್ ಕ್ರೋಮ್ ಮುಂತಾದ ಜಾಲವೀಕ್ಷಕಗಳಲ್ಲಿ, ಲಿಬ್ರೆಆಫೀಸಿನಲ್ಲಿ ಅಕ್ಷರಗಳನ್ನು ಹೊಂದಿಸುವುದು ಇದೇ. ಇದರ ಬೆನ್ನಿಗೇ ನಿಂತು, ಸಣ್ಣ ತಂತ್ರಾಂಶಗಳಿಗೂ ಇದರ ಫಲವು ಸುಲಭವಾಗಿ ದೊರಕುವಂತೆ ಮಾಡುವ ಇನ್ನೊಂದು ಪುಟ್ಟ ಭಂಡಾರವಿದೆ. ಅದಕ್ಕೆ ‘ರಕ್ಮ್’ ಎಂದು ಹೆಸರು. ಅರಬ್ಬಿಯಲ್ಲಿ ಬರಹ, ಅಂಕಿ ಎಂಬ ಅರ್ಥವುಳ್ಳ ಶಬ್ದವದು. ನಮ್ಮ ವರ್ತಕರ ಲೆಕ್ಕದ ಪುಸ್ತಕದಲ್ಲಿರುವ ‘ರಕಮು’ ಅದರ ದಾಯಾದಿಯೇ. ಹೀಗೆ ಪಾರಸಿ ಅರಬ್ಬಿಗಳ ಹೆಸರು ಹೊತ್ತ ಉಪಕರಣಗಳು ಇಂದು ಕನ್ನಡದ ಒತ್ತುಗಳನ್ನು ಕಾಯುತ್ತಿವೆ. ವಿದ್ಯೆಗೆ ನೆಲದ ಗಡಿಯಿಲ್ಲವೆಂಬುದಕ್ಕೆ ಬೇರೆ ಸಾಕ್ಷ್ಯವೇಕೆ?

ದೋಣಿಮಲೈಯ ವಸತಿನಗರದಲ್ಲಿ ಬೆಳೆದ ತರುಣನೊಬ್ಬನಿಗೆ ಈ ರಕ್ಮ್ ಭಂಡಾರದೊಡನೆ ಪರಿಚಯವಾದದ್ದು ತನ್ನ ತಾತನ ಕಣ್ಣಿನ ದೆಸೆಯಿಂದ. ತಾತನು ಗಣಿಯ ಸ್ಕ್ರೀನಿಂಗ್ ಪ್ಲಾಂಟಿನಲ್ಲಿ ದುಡಿದು ನಿವೃತ್ತನಾದವನು. ಪ್ರತಿದಿನ ಪೂಜೆಯ ತರುವಾಯ ಒಂದು ವಚನವನ್ನು ಓದಿ, ಇಷ್ಟವಾದುದನ್ನು ನೋಟುಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವುದು ಅವನ ನಿಯಮವಾಗಿತ್ತು. ವಯಸ್ಸು ಏರಿದಂತೆ ದೃಷ್ಟಿ ಇಳಿಯಿತು. ತನ್ನ ಕೈಬರಹವೇ ತನಗೆ ಕಾಣದಾಯಿತು. ಮನೆಯ ದೂರದರ್ಶನದ ಪೆಟ್ಟಿಗೆಗೆ ಪೆನ್‌ಡ್ರೈವ್ ಸಿಕ್ಕಿಸಿದರೆ ಚಿತ್ರಗಳನ್ನು ತೋರಿಸಬಲ್ಲದೇ ಹೊರತು ಬರಹವನ್ನು ತೋರಿಸಲಾರದು. ಆದುದರಿಂದ ಮೊಮ್ಮಗನು ಆ ವಚನಗಳನ್ನು ಬೆರಳಚ್ಚಿಸಿ, ಒಂದೊಂದನ್ನೂ ದಪ್ಪ ಅಕ್ಷರದ ಒಂದೊಂದು ಚಿತ್ರವಾಗಿ ಮಾಡಲು ಹೊರಟನು. ಅದಕ್ಕಾಗಿ ಅವನು ಹಿಡಿದದ್ದು ಇಮೇಜ್‌ಮ್ಯಾಜಿಕ್ ಎಂಬ ಮುಕ್ತ ತಂತ್ರಾಂಶವನ್ನು.

ಮೊದಲ ಚಿತ್ರವು ತೆರೆಯ ಮೇಲೆ ಬಂದಾಗ ತಾತನು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಬಹಳ ಹೊತ್ತು ನೋಡಿದನು. ಒತ್ತುಗಳು ಕೆಳಗಿಳಿದಿರಲಿಲ್ಲ. ‘ಧರ್ಮ’ವು ಧಕಾರ, ಹಲಂತ ರೇಫ, ಮಕಾರಗಳಾಗಿ ಸೀಳಿ ನಿಂತಿತ್ತು.

“ಏನಪ್ಪಾ ತಮ್ಮಾ, ಅಕ್ಷರ ಎಲ್ಲ ಬಿಡಿಬಿಡಿ ಆಗ್ಯಾವಲ್ಲ? ಇದು ನಾ ಬರೆದ ವಚನ ಅಲ್ಲ” ಎಂದನು.

ದೋಷವು ಇಮೇಜ್‌ಮ್ಯಾಜಿಕ್ಕಿನದೂ ಅಲ್ಲ, ಅಕ್ಷರಶೈಲಿಯದೂ ಅಲ್ಲ. ಆ ಹಳೆಯ ಯಂತ್ರದಲ್ಲಿದ್ದ ಇಮೇಜ್‌ಮ್ಯಾಜಿಕ್ ರಕ್ಮ್ ಭಂಡಾರದ ಸಹಾಯವಿಲ್ಲದೆ ಕಟ್ಟಲ್ಪಟ್ಟಿತ್ತು. ರಕ್ಮ್ ಇಲ್ಲದ ಕಡೆ ಅದು ಅಕ್ಷರಗಳನ್ನು ಬಂದ ಕ್ರಮದಲ್ಲಿಯೇ ಸಾಲಾಗಿ ನಿಲ್ಲಿಸುತ್ತದೆ. ಇಂಗ್ಲಿಷಿಗೆ ಅಷ್ಟು ಸಾಕು; ಕನ್ನಡಕ್ಕೆ ಸಾಲದು. ಇದಕ್ಕೆ ಪರಿಹಾರವೆಂದರೆ ರಕ್ಮನ್ನು ಆಕರದಿಂದ ಕಟ್ಟಿ, ಅನಂತರ ಇಮೇಜ್‌ಮ್ಯಾಜಿಕ್ಕನ್ನೂ ಅದರೊಡನೆ ಹೊಸದಾಗಿ ಕಟ್ಟುವುದು. ಮೊಮ್ಮಗನು ಇದನ್ನು ವಿವರಿಸಿ, ತನ್ನಿಂದ ಆದೀತೋ ಇಲ್ಲವೋ ಎಂದು ಅನುಮಾನಿಸಿದಾಗ ತಾತನು ಕೇಳಿದ್ದು ಒಂದೇ ಪ್ರಶ್ನೆ.

“ಅದಿರು ಸಿಕ್ಕೈತಾ?”

“ಸಿಕ್ಕೈತೆ ತಾತಾ. ಪುಕ್ಕಟೆ ಕೊಡ್ತಾರೆ.”

“ಅದಿರೇ ಪುಕ್ಕಟೆ ಕೊಟ್ಟಾರಂದ್ರೆ ಕರಗಿಸೋಕೆ ಯಾಕೆ ಅಂಜ್ತೀಯ?”

ಕಟ್ಟುವ ಕಾರ್ಯಕ್ಕೆ ಒಂದು ಕ್ರಮವುಂಟು. ಮೊದಲನೆಯದು ಆಕರವನ್ನು ತರುವುದು, ತಂದುದು ಶುದ್ಧವಾಗಿದೆಯೇ ಎಂದು ಪರೀಕ್ಷಿಸುವುದು. ಪ್ರಕಾಶಕರು ಆಕರದ ಕಟ್ಟಿನೊಡನೆ ೬೪ ಅಂಕಾಕ್ಷರಗಳ ಒಂದು ಮುದ್ರೆಯನ್ನು ಪ್ರಕಟಿಸಬಹುದು. ತಂದ ಕಟ್ಟಿನಿಂದ ಅದೇ ಲೆಕ್ಕದ ಮುದ್ರೆಯನ್ನು ತೆಗೆದು ಹೋಲಿಸಿದರೆ, ಒಳಗೆ ಒಂದೇ ಒಂದು ಅಕ್ಷರ ಬದಲಾಗಿದ್ದರೂ ಮುದ್ರೆಯೇ ಬೇರೆಯಾಗಿ ಬಂದು ದೋಷವು ಬಯಲಾಗುತ್ತದೆ. ಓಲೆಗರಿಯ ಪ್ರತಿಯನ್ನು ಮೂಲದೊಡನೆ ತಾಳೆ ನೋಡುತ್ತಿದ್ದ ಹಿಂದಿನ ಲಿಪಿಕಾರರಿಗೆ ಇಂತಹ ಸಾಧನವೊಂದಿದ್ದರೆ ಎಷ್ಟು ಪಾಠಕ್ಲೇಶಗಳು ತಪ್ಪುತ್ತಿದ್ದವೋ!

ಎರಡನೆಯದು ಅವಲಂಬನೆಗಳನ್ನು ಅರಿಯುವುದು. ರಕ್ಮ್ ತಾನೊಂದೇ ನಿಲ್ಲದು. ಅಕ್ಷರದ ಆಕೃತಿಯನ್ನು ಬಿಡಿಸಲು ಫ್ರೀಟೈಪ್, ಅಕ್ಷರಗಳನ್ನು ಹೊಂದಿಸಲು ಹಾರ್ಫ್‌ಬಜ್, ಬಲದಿಂದ ಎಡಕ್ಕೆ ಹೋಗುವ ಲಿಪಿಗಳನ್ನು ಎಡದಿಂದ ಬಲಕ್ಕೆ ಹೋಗುವ ಲಿಪಿಗಳೊಡನೆ ಕೂಡಿಸಲು ಫ್ರಿಬಿಡಿ ಅಥವಾ ಅದರಂತಹ ಇನ್ನೊಂದು ಬೇಕು. ಕನ್ನಡಕ್ಕೆ ಈ ಕೊನೆಯದರಿಂದ ನೇರವಾದ ಪ್ರಯೋಜನವಿಲ್ಲ. ಆದರೂ ಅದಿಲ್ಲದೆ ರಕ್ಮ್ ಏಳದು. ಪಂಕ್ತಿಯಲ್ಲಿ ಕುಳಿತ ಎಲ್ಲರಿಗೂ ಬಡಿಸಿದ ಮೇಲೆ ಊಟಕ್ಕೆ ತೊಡಗುವಂತೆ ಇಲ್ಲಿಯ ನಡೆವಳಿ. ಭಂಡಾರವಿದ್ದರೂ ಸಾಲದು, ಅದರಲ್ಲಿ ಏನೇನಿದೆಯೆಂದು ಕಂಪೈಲರಿಗೆ ತಿಳಿಸುವ ವಿಷಯಸೂಚಿಯಂತಹ ಕಡತಗಳೂ ಬೇಕು. ಸಿದ್ಧರೂಪವನ್ನಷ್ಟೇ ಬಳಸುವವರಿಗೆ ಅವು ಬೇಕಿಲ್ಲವಾದ ಕಾರಣ ಅನೇಕ ಲಿನಕ್ಸ್ ವಿತರಣೆಗಳು ಅವನ್ನು ಬೇರೆ ಕಟ್ಟಿನಲ್ಲಿ ಇಟ್ಟಿರುತ್ತವೆ. ತರುಣನ ಮೊದಲ ದಿನವು ಈ ಕಟ್ಟುಗಳನ್ನು ಹುಡುಕುವುದರಲ್ಲಿಯೇ ಕಳೆಯಿತು.

ಮೂರನೆಯದು ಯೋಜಿಸುವುದು, ನಾಲ್ಕನೆಯದು ಕಟ್ಟುವುದು. ರಕ್ಮ್ ಭಂಡಾರಕ್ಕೆ ಮೆಸನ್ ಎಂಬ ಉಪಕರಣವು ಯಂತ್ರವನ್ನು ಪರೀಕ್ಷಿಸಿ ಕೆಲಸದ ಪಟ್ಟಿಯನ್ನು ಸಿದ್ಧಪಡಿಸುತ್ತದೆ. ನಿಂಜಾ ಎಂಬುದು ಆ ಪಟ್ಟಿಯಂತೆ ಕಂಪೈಲರನ್ನು ದುಡಿಸುತ್ತದೆ. ಐದನೆಯದು ಪರೀಕ್ಷೆ. ಕಟ್ಟಿದವರು ತಮ್ಮ ಆಕರದೊಡನೆಯೇ ಪರೀಕ್ಷೆಗಳನ್ನೂ ಇಟ್ಟಿರುತ್ತಾರೆ: ಇಂತಹ ಬರಹವನ್ನು ಕೊಟ್ಟರೆ ಇಂತಹ ಫಲ ಬರಬೇಕು ಎಂದು. ತನ್ನ ಕೃತಿಯೊಡನೆ ಅದನ್ನು ಅಳೆಯುವ ಕೋಲನ್ನೂ ಓದುಗನ ಕೈಗೆ ಕೊಡುವ ಈ ಪದ್ಧತಿಯು ಗ್ರಂಥಕರ್ತರಿಗೆ ಅನುಕರಣೀಯವಾದುದು.

ಆರನೆಯದು ಸ್ಥಾಪನೆ. ಯಂತ್ರದ ಸಾರ್ವಜನಿಕ ಭಂಡಾರದಲ್ಲಿ ಹಳೆಯದರ ಮೇಲೆ ಹೊಸದನ್ನು ಹೇರಿದರೆ, ಹಳೆಯದನ್ನು ನಂಬಿದ ಬೇರೆ ತಂತ್ರಾಂಶಗಳು ಕುಸಿಯಬಹುದು. ಆದುದರಿಂದ ತರುಣನು ತನ್ನ ಮನೆಕಡತದೊಳಗೆ ಒಂದು ಪ್ರತ್ಯೇಕ ಸ್ಥಳವನ್ನು ಮಾಡಿ ರಕ್ಮನ್ನು ಅಲ್ಲಿರಿಸಿದನು. ಇದು ವಿವೇಕದ ಮಾರ್ಗ. ಆದರೆ ಇದರಲ್ಲಿ ಒಂದು ತೊಡಕುಂಟು. ಇಮೇಜ್‌ಮ್ಯಾಜಿಕ್ಕನ್ನು ಕಟ್ಟಲು ಹೊರಟಾಗ ಅದು ತನಗೆ ಸಿಕ್ಕ ಸಹಾಯಕ ಭಂಡಾರಗಳ ಪಟ್ಟಿಯನ್ನು ತೋರಿಸಿತು. ರಕ್ಮ್ ಎಂಬುದರ ಎದುರಿಗೆ ‘ಇಲ್ಲ’ವೆಂದಿತ್ತು! ಮನೆಯೊಳಗೇ ಇದ್ದ ನೆಂಟನನ್ನು ಕಾಣದೆ ಊರೆಲ್ಲ ಹುಡುಕಿದಂತಾಯಿತು. ಕಾರಣವೇನೆಂದರೆ, ಭಂಡಾರವು ವಾಡಿಕೆಯ ಸ್ಥಳದಲ್ಲಿರದಿದ್ದಾಗ ಅದರ ವಿಳಾಸವನ್ನು ಎರಡು ಬಾರಿ ಹೇಳಬೇಕು: ಕಟ್ಟುವಾಗ ಕಟ್ಟುವವನಿಗೆ ಒಮ್ಮೆ, ಓಡುವಾಗ ಓಡಿಸುವವನಿಗೆ ಒಮ್ಮೆ. ಎರಡನೆಯ ದಿನ ಸಂಜೆ ಅವನು ಮೊದಲ ವಿಳಾಸವನ್ನು ಹೇಳಿದನು. ‘ಇಲ್ಲ’ವು ‘ಹೌದು’ ಆಯಿತು. ಹಳೆಯ ಯಂತ್ರವು ಬಹಳ ಹೊತ್ತು ದುಡಿದು ಕಟ್ಟಿ ಮುಗಿಸಿತು. ಓಡಿಸಿದಾಗ ಭಂಡಾರವು ಕಾಣದೆಂದು ಮತ್ತೆ ಮುನಿಸಿಕೊಂಡಿತು. ಎರಡನೆಯ ವಿಳಾಸವನ್ನು ಹೇಳಿದ ಮೇಲೆ ಒಪ್ಪಿತು.

‘ಧರ್ಮ’ವು ಕೂಡಿಕೊಂಡು ಬಂದಿತು. ಅರ್ಕಾವತ್ತು ತನ್ನ ಸ್ಥಾನದಲ್ಲಿ ನಿಂತಿತು. ತಾತನು ತೆರೆಯ ಮೇಲಿನ ವಚನವನ್ನು ಮೊದಲಿನಿಂದ ಕೊನೆಯವರೆಗೆ ಓದಿದನು. ಓದಿ, ಮೂರನೆಯ ಸಾಲಿನಲ್ಲಿ ಒಂದು ದೀರ್ಘವು ಬಿಟ್ಟುಹೋಗಿದೆಯೆಂದು ಬೆರಳಿಟ್ಟು ತೋರಿಸಿದನು. ನೋಟುಪುಸ್ತಕವನ್ನು ತೆರೆದು ನೋಡಲಾಗಿ ಅವನ ಮಾತೇ ಸರಿಯಾಗಿತ್ತು. ಅಲ್ಲಿಂದ ಮುಂದೆ ಕೆಲಸವು ತಾನಾಗಿ ಇಬ್ಬರಿಗೆ ಹಂಚಿಹೋಯಿತು. ಮೊಮ್ಮಗನು ಬೆರಳಚ್ಚಿಸುವವನು, ತಾತನು ತಿದ್ದುವವನು. ಕಣ್ಣು ಸೋತಿತೆಂದು ಮೂಲೆ ಹಿಡಿದಿದ್ದ ಮುದುಕನು ಮತ್ತೆ ತನ್ನ ಕಾಯಕಕ್ಕೆ ಮರಳಿದನು.

ಇಷ್ಟು ಶ್ರಮಪಟ್ಟು ಕಟ್ಟುವುದಕ್ಕಿಂತ ಸಿದ್ಧರೂಪವನ್ನು ಇಳಿಸಿಕೊಳ್ಳಬಾರದೇಕೆ ಎಂದು ಕೇಳುವವರುಂಟು. ಕೇಳುವುದು ನ್ಯಾಯವೇ. ಸಿದ್ಧರೂಪವು ದೊರೆತಾಗ, ಅದು ಸರಿಯಾಗಿದ್ದಾಗ, ಅದನ್ನು ಬಳಸುವುದರಲ್ಲಿ ತಪ್ಪೇನೂ ಇಲ್ಲ. ಪ್ರತಿ ಮನೆಯವರೂ ಕುಲುಮೆ ಹೂಡಬೇಕಾಗಿಲ್ಲ. ಆದರೆ ಸಿದ್ಧರೂಪದಲ್ಲಿ ನಮ್ಮ ಅಕ್ಷರವು ಒಡೆದು ಬಂದ ದಿನ ಏನು ಗತಿ? ಅದನ್ನು ಕಟ್ಟಿದವನಿಗೆ ಕನ್ನಡ ಬಾರದು. ಒಡೆದದ್ದು ಅವನ ಕಣ್ಣಿಗೆ ಬೀಳದು. ಕನ್ನಡ ಬಲ್ಲವನಿಗೆ ಕಟ್ಟಲು ಬಾರದಿದ್ದರೆ ನೋಡಿ ಮರುಗುವುದಲ್ಲದೆ ಬೇರೆ ದಾರಿಯಿಲ್ಲ. ಒತ್ತು ತಪ್ಪಿದೆಯೆಂದು ಅರಿಯಬಲ್ಲ ಕಣ್ಣೂ ಅದನ್ನು ತಿದ್ದಬಲ್ಲ ಕೈಯೂ ಒಂದೇ ಊರಿನಲ್ಲಿ, ಸಾಧ್ಯವಾದರೆ ಒಂದೇ ಮನೆಯಲ್ಲಿ, ಇರಬೇಕಾದುದು ಇದರಿಂದಲೇ.

ಶರಣಸಾಹಿತ್ಯದ ಚರಿತ್ರೆಯು ಈ ಮಾತಿಗೆ ಪುಷ್ಟಿಯನ್ನು ಕೊಡುತ್ತದೆ. ದೋಣಿಮಲೈಗೆ ನೆರೆಯಾದ ಹಂಪೆಯಲ್ಲಿ ಪ್ರೌಢದೇವರಾಯನು ಆಳುತ್ತಿದ್ದ ಹದಿನೈದನೆಯ ಶತಮಾನದಲ್ಲಿ ಚದುರಿಹೋಗಿದ್ದ ವಚನಗಳನ್ನು ಕೂಡಿಹಾಕುವ ಕಾರ್ಯವು ಬಲಗೊಂಡಿತು. ಶೂನ್ಯಸಂಪಾದನೆಯನ್ನು ಶಿವಗಣಪ್ರಸಾದಿ ಮಹಾದೇವಯ್ಯನು ಮೊದಲು ಸಂಪಾದಿಸಿದನು. ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯರು ಅದನ್ನು ಮತ್ತೆ ಪರಿಷ್ಕರಿಸಿದರು. ಆಕರವು ಒಂದೇ, ಅದೇ ವಚನರಾಶಿ. ಕೈಗೆ ಬಂದ ಗ್ರಂಥವನ್ನು ಪೂಜೆಗಿಟ್ಟು ಸುಮ್ಮನಾಗದೆ, ಕಂಡ ಕೊರತೆಯನ್ನು ತುಂಬಿಕೊಳ್ಳಲು ಆಕರಕ್ಕೇ ಮರಳಿ ಹೊಸದಾಗಿ ಕಟ್ಟಿದುದು ಆ ಮಹನೀಯರ ದೊಡ್ಡಸ್ತಿಕೆ. ಕಂಪೈಲ್ ಎಂಬ ಇಂಗ್ಲಿಷ್ ಶಬ್ದಕ್ಕೂ ಮೂಲದಲ್ಲಿ ಸಂಕಲಿಸು, ಸಂಪಾದಿಸು ಎಂಬ ಅರ್ಥವೇ ಇರುವುದನ್ನು ಇಲ್ಲಿ ನೆನೆಯಬಹುದು.

ಈಚಿನ ನಿದರ್ಶನವು ಫ. ಗು. ಹಳಕಟ್ಟಿಯವರದು. ಊರೂರು ತಿರುಗಿ ಓಲೆಗರಿಗಳನ್ನು ಕೂಡಿಸಿ, ಅವುಗಳ ಪಾಠವನ್ನು ನಿರ್ಣಯಿಸಿ, ೧೯೨೩ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದ ಆ ವಕೀಲರು ಪರರ ಮುದ್ರಣಾಲಯವನ್ನೇ ನೆಚ್ಚಿ ಕುಳಿತುಕೊಳ್ಳಲಿಲ್ಲ. ಸ್ವಂತ ಮನೆಯನ್ನು ಮಾರಿ ೧೯೨೫ರಲ್ಲಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. ಮರುವರ್ಷವೇ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಆಕರವೂ ಕೈಯಲ್ಲಿರಬೇಕು, ಅದನ್ನು ಅಚ್ಚಿಗಿಳಿಸುವ ಯಂತ್ರವೂ ಕೈಯಲ್ಲಿರಬೇಕು ಎಂಬುದನ್ನು ಅವರು ಮನೆ ಮಾರಿ ಕಲಿಸಿದರು. ಇಂದಿನ ವಿದ್ಯಾರ್ಥಿಯು ಅದಕ್ಕಾಗಿ ಮನೆ ಮಾರಬೇಕಾಗಿಲ್ಲ. ಎರಡು ಸಂಜೆಗಳನ್ನು ಕೊಟ್ಟರೆ ಸಾಕು.

ಅದೇಕೆಂದರೆ ಹಾರ್ಫ್‌ಬಜ್, ರಕ್ಮ್ ಮುಂತಾದವುಗಳ ಹಕ್ಕುಪತ್ರವು ಅವನ್ನು ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಹಂಚಬಹುದು ಎನ್ನುತ್ತದೆ. ಮೂಲದ ಹಕ್ಕುಸೂಚನೆಯನ್ನು ಅಳಿಸಕೂಡದೆಂಬುದೇ ಅದರ ಮುಖ್ಯ ನಿಬಂಧನೆ. ೧೯೮೩ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಗ್ನೂ ಯೋಜನೆಯನ್ನು ಸಾರಿದಂದಿನಿಂದ ಬೆಳೆದುಬಂದ ಸಂಪ್ರದಾಯವಿದು. ದುಡಿದುದನ್ನು ಸಮುದಾಯಕ್ಕೆ ಒಪ್ಪಿಸಿ ಉಳಿದವರೊಡನೆ ಉಣ್ಣುವ ದಾಸೋಹದ ಮಕ್ಕಳಿಗೆ ಇದರ ಮರ್ಮವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ದಾಸೋಹಕ್ಕೆ ಎರಡು ಮುಖಗಳುಂಟೆಂಬುದನ್ನು ಮರೆಯಬಾರದು. ಉಂಡವನು ಮುಂದಿನ ಪಂಕ್ತಿಗೆ ಬಡಿಸಲು ಏಳದಿದ್ದರೆ ಅದು ದಾಸೋಹವಾಗದು. ಜಗತ್ತಿನ ಯಾವುದೋ ಮೂಲೆಯ ಶ್ರಮಿಕರು ಕಟ್ಟಿಕೊಟ್ಟ ಭಂಡಾರದಿಂದ ನಮ್ಮ ಒತ್ತಕ್ಷರಗಳು ನೆಟ್ಟಗಾಗಿವೆ. ಕನ್ನಡದ ತೊಡಕುಗಳನ್ನು ಬಲ್ಲವರು ಅವನ್ನು ಆ ಆಕರಕ್ಕೆ ತಿಳಿಯಪಡಿಸಿ, ಪರೀಕ್ಷೆಗೆ ಕನ್ನಡದ ಪದಗಳನ್ನು ಒದಗಿಸಿ, ಬಲ್ಲವರಾದರೆ ತಿದ್ದುಪಡಿಯನ್ನೂ ಬರೆದು ಕಳುಹಿಸುವುದು ನಮ್ಮ ಪಾಲಿನ ಬಡಿಸುವಿಕೆ.

ಇಲ್ಲಿ ಗಣಿಗೂ ಗಣಕಕ್ಕೂ ಇರುವ ಒಂದು ಅಂತರವನ್ನು ಹೇಳಲೇಬೇಕು. ದೋಣಿಮಲೈಯ ಬೆಟ್ಟದಿಂದ ತೆಗೆದ ಅದಿರು ಮತ್ತೆ ಅಲ್ಲಿ ಹುಟ್ಟದು. ತೆಗೆದಷ್ಟೂ ಬೆಟ್ಟವು ತಗ್ಗುತ್ತದೆ. ಅಕ್ಷರದ ಆಕರವಾದರೋ ತೆಗೆದಷ್ಟೂ ತುಂಬುತ್ತದೆ. ಸಾವಿರ ಜನ ಒಯ್ದರೂ ಮೊದಲಿನಷ್ಟೇ ಇರುತ್ತದೆ, ಅವರಲ್ಲಿ ಒಬ್ಬನು ತಿದ್ದಿ ಮರಳಿಸಿದರೆ ಮೊದಲಿಗಿಂತ ಹೆಚ್ಚುತ್ತದೆ. ಬರಿದಾಗುವ ಗಣಿಗೆ ನಾವು ಮೂರು ಪಾಳಿಯಲ್ಲಿ ದುಡಿಯುತ್ತೇವೆ. ಬರಿದಾಗದ ಗಣಿಯ ಬಾಗಿಲಲ್ಲಿ ಇನ್ನೂ ಜನ ಸಾಲದು.

ಮಠದ ಶಾಲೆಗಳಲ್ಲಿ ಇಂದು ಗಣಕಯಂತ್ರಗಳನ್ನಿಟ್ಟು ಮಕ್ಕಳಿಗೆ ಬೆರಳಚ್ಚನ್ನೂ ಚಿತ್ರರಚನೆಯನ್ನೂ ಕಲಿಸುತ್ತಿರುವುದು ಸಂತೋಷದ ಸಂಗತಿ. ಅದರ ಜೊತೆಗೆ ವರ್ಷಕ್ಕೊಮ್ಮೆಯಾದರೂ, ಮೇಲಿನ ತರಗತಿಯ ಮಕ್ಕಳು ಒಂದು ಪುಟ್ಟ ಭಂಡಾರವನ್ನು ಆಕರದಿಂದ ತಮ್ಮ ಕೈಯಾರೆ ಕಟ್ಟಿ ನೋಡುವಂತಾಗಬೇಕು. ಮೊದಲ ಸಲ ಅದು ಏಳದೆ ಹೋಗಬಹುದು. ‘ಇಲ್ಲ’ವೆಂಬ ಉತ್ತರ ಬರಬಹುದು. ಆ ‘ಇಲ್ಲ’ದ ಕಾರಣವನ್ನು ಹುಡುಕುವಾಗಲೇ ವಿದ್ಯೆಯು ಒಳಗಿಳಿಯುವುದು. ಪಕ್ಕದಲ್ಲಿ ಒಬ್ಬ ಕನ್ನಡ ಅಧ್ಯಾಪಕರು ಕುಳಿತು ಒತ್ತು ಸರಿಯಾಗಿ ಬಿದ್ದಿತೇ ಎಂದು ನೋಡುತ್ತಿದ್ದರೆ ಪಾಠವು ಪೂರ್ಣವಾದಂತೆ.